ಗುಳಿಗೆ ಪಟ್ಟಿಯ ಬೆನ್ನು

ಮೂರನ್ನೂ ಮಾರಿದವನು ನಾನೇ.
ಸೋಮವಾರ ಮೈಕೈ ನೋವಿಗೆಂದು ನೀಲಿಯದು,
ಮಂಗಳವಾರ ನೆಗಡಿಗೆಂದು ಹಸಿರಿನದು,
ಬುಧವಾರ ಅವನ ಹೆಂಡತಿ ಹುಲಿಗೆವ್ವ ಬಂದು
'ಜ್ವರಾ ಇಳೀವಲ್ದರಿ' ಅಂದಾಗ ಬಿಳಿಯದು.
ಮೂರು ಬಣ್ಣ, ಮೂರು ಹೆಸರು, ಮೂರು ಬೆಲೆ.
ಚಿಲ್ಲರೆ ಇಲ್ಲವೆಂದು ಎರಡು ಚಾಕೊಲೇಟು ಕೊಟ್ಟದ್ದೂ ನೆನಪಿದೆ.

ವಾಸ್ಕೋದ ಮಾಂಗೋರ್ ಗುಡ್ಡದ ತಿರುವಿನಲ್ಲಿ ನನ್ನ ಅಂಗಡಿ.
ಎದುರಿಗೆ ಬಾರು, ಪಕ್ಕದಲ್ಲಿ ಇನ್ನೊಂದು ಬಾರು,
ಕೆಳಗೆ ಬಂದರದ ಕಲ್ಲಿದ್ದಲು; ಅದರ ಧೂಳು
ಎಷ್ಟು ಒರೆಸಿದರೂ ಕೌಂಟರಿನ ಗಾಜಿಗೆ ಮರಳುತ್ತದೆ.

ಯಮನೂರಪ್ಪ ಟೈಲ್ಸ್ ಕೂರಿಸುವವನು, ರೋಣದ ಕಡೆಯವನು.
ಚಿಕಾಲಿಮಿನ ಹೊಸ ಫ್ಲಾಟುಗಳ ಬಚ್ಚಲಲ್ಲಿ
ದಿನವಿಡೀ ಮಂಡಿಯ ಮೇಲೆ.
ರಾತ್ರಿ ಮಂಡಿಗೆಂದು ಒಂದು ಗ್ಲಾಸು ಫೆನಿ,
ಫೆನಿಯ ಮೇಲೆ ನೀಲಿ, ನೀಲಿಯ ಮೇಲೆ ಹಸಿರು,
ಊಟ ಸೇರದು, ಬರಿಹೊಟ್ಟೆಗೆ ಬಿಳಿ,
ಬೆಳಗಾಗೆದ್ದು ಮತ್ತೆ.
ಲೆಕ್ಕ ಇಡುವವರು ಯಾರು?

ಕೊಂಕಣಿಯವರು ಕಾಳಿಜ ಎಂದರೆ ಎದೆ ಮುಟ್ಟಿಕೊಳ್ಳುತ್ತಾರೆ.
ನಮ್ಮ ಕಡೆ ಕಟುಗರ ಅಂಗಡಿಯಲ್ಲಿ ಕಾಳಿಜ ಕೇಳಿದರೆ
ತೂಗಿ ಕೊಡುವುದು ಬೇರೆ: ಕಂದು, ನುಣುಪು.
ಎದೆಯಾದರೆ ಬಡಿದುಕೊಳ್ಳುತ್ತದೆ, ಹೆದರಿದರೆ ಹೇಳುತ್ತದೆ.
ಇದು ಬಲ ಪಕ್ಕೆಯ ಮರೆಯಲ್ಲಿ
ಮದುವೆಮನೆಯ ಹಿತ್ತಲಲ್ಲಿ ಪಾತ್ರೆಗೆ ಕೂತವಳ ಹಾಗೆ
ಬಂದದ್ದನ್ನೆಲ್ಲ ತಿಕ್ಕುತ್ತದೆ.
ಬೂದಿ ಮುಗಿದ ಮೇಲೂ ಪಾತ್ರೆ ಬೀಳುತ್ತಲೇ ಇದ್ದರೆ
ಅಂಗೈ ಸುಲಿಯುತ್ತದೆ.
ಒಳಗೆ ಪಂಕ್ತಿ ನಡೆದೇ ಇರುತ್ತದೆ.

ಗುರುವಾರ ವಾಂತಿ.
ಶುಕ್ರವಾರ ತುಸು ಗೆಲುವಾಗಿ ಚಹಾದಲ್ಲದ್ದಿ ಎರಡು ಪಾವು ತಿಂದ.
ಶನಿವಾರ, ಬಿಳಿ ಟೈಲ್ಸಿನ ಗೋಡೆಯ ಮುಂದೆ,
ಜೊತೆಯ ಹುಡುಗ ಹೇಳಿದನಂತೆ:
'ಮಾಮಾ, ನಿನ್ನ ಕಣ್ಣು ಅರಿಷಿಣ ಆಗ್ಯಾವ.'
ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಎನ್ನುತ್ತಾರೆ.
ಸುಳ್ಳು. ಅವನಿಗೆ ಗೋಡೆ ಬೆಳ್ಳಗೇ ಕಂಡಿತ್ತು.

ಕಾಮಣಿಗೆ ಬೇರು ಅರೆದು ಕೊಡುವವರ ವಿಳಾಸ ಹಿಡಿದು
ಹುಲಿಗೆವ್ವ ಬಂದಳು, ನನ್ನ ಹತ್ತಿರ ದಾರಿ ಕೇಳಲು.
ಆಗ ಕೇಳಿದೆ, ಮೂರು ದಿನ ತಡವಾಗಿ:
ಎಷ್ಟು ನುಂಗಿದ? ಯಾವ ಯಾವುದು?
ಸೆರಗಿನ ಗಂಟು ಬಿಚ್ಚಿದಳು. ಖಾಲಿ ಪಟ್ಟಿಗಳು.
ತಿರುಗಿಸಿದೆ. ಬೆಳ್ಳಿ ಬೆನ್ನಿನ ಮೇಲೆ ಇರುವೆ ಸಾಲು,
ಮೂರರಲ್ಲೂ ಅದೇ ಇರುವೆಗಳು:
ಪ್ಯಾರಾಸಿಟಮಾಲ್, ಪ್ಯಾರಾಸಿಟಮಾಲ್,
ಮತ್ತೆ.

ಝುವಾರಿ ಸೇತುವೆ ದಾಟಿ ಬಾಂಬೋಳಿಯ ದೊಡ್ಡಾಸ್ಪತ್ರೆಗೆ.
ಸಲೈನಿಗೆ ಬೆರೆಸಿದ ಮದ್ದಿಗೆ ಕೆಟ್ಟ ಮೊಟ್ಟೆಯ ವಾಸನೆ.
ಇಷ್ಟೊಂದು ಒಟ್ಟಿಗೇ ಯಾರು ಕೊಟ್ಟರು ಎಂದು ಡಾಕ್ಟರು ಗದರಿದಾಗ
'ಅಂಗಡ್ಯಾಗರಿ' ಎಂದಳು ಹುಲಿಗೆವ್ವ,
ನನ್ನತ್ತ ನೋಡದೆ.

ಈಗ ಕೊಡುವ ಮುನ್ನ ಬೆನ್ನು ತಿರುಗಿಸುತ್ತೇನೆ,
ಆ ಒಂದು ಪದಕ್ಕೆ ಪೆನ್ನಿನಿಂದ ಸುತ್ತು ಹಾಕುತ್ತೇನೆ.
ಮನೆಯಲ್ಲಿ ಬೇರೇನು ನುಂಗ್ತೀರಿ? ಕುಡೀತೀರಾ?
ಹಿಂದೆ ಯಾವಾಗಾದರೂ ಕಾಮಣಿ? ಕಷಾಯ, ಸೊಪ್ಪಿನ ಪುಡಿ?
ಕ್ಷಯದ ಗುಳಿಗೆಯವರನ್ನು ಬಾಗಿಲ ಬೆಳಕಿಗೆ ನಿಲ್ಲಿಸಿ
ಕೆಳರೆಪ್ಪೆ ಎಳೆದು ನೋಡುತ್ತೇನೆ:
ಆ ಮದ್ದಿಗೆ ಉಚ್ಚೆ ಕೆಂಪಾಗುವುದು ಸಹಜ, ಕಣ್ಣು ಹಾಗಲ್ಲ.
'ಬಸ್ಸು ಹೊಂಟೈತಿ, ಕೊಡೋ ಮಾರಾಯಾ' ಎಂದು ಬೈಯುತ್ತಾರೆ.
ಕೆಳಗಿನ ಅಂಗಡಿಗೆ ಹೋಗುತ್ತಾರೆ. ಅಲ್ಲಿ ಯಾರೂ ಏನೂ ಕೇಳುವುದಿಲ್ಲ.

ಮೊನ್ನೆ ಯಮನೂರಪ್ಪ ಬಂದ. ಅಂಗಿ ದೊಡ್ಡದಾಗಿದೆ ಅವನಿಗೆ.
ತಮ್ಮನಿಗೆ ಜ್ವರವಂತೆ, ನೆಗಡಿಯೂ. ಎರಡು ಪಟ್ಟಿ ಕೇಳಿದ.
ಓದು ಬಾರದವನು.
ಜೇಬಿನಿಂದ ಮುದುಡಿದ ಹಳೆಯ ಪಟ್ಟಿ ತೆಗೆದು
ಗಾಜಿನ ಮೇಲೆ ಬೆನ್ನು ಮೇಲಾಗಿ ಇಟ್ಟ,
ಪಕ್ಕಕ್ಕೊಂದು, ಪಕ್ಕಕ್ಕೆ ಇನ್ನೊಂದು,
ಸಂದಿಗೆ ಸಂದಿ ಕೂಡಿಸಿ, ಒಂದು ಕಣ್ಣು ಮುಚ್ಚಿ,
ಸಿಮೆಂಟು ತಿಂದ ಬೆರಳನ್ನು ಅಕ್ಷರದ ಮೇಲೆ ನಡೆಸಿದ.
ನಾನು ಬಾಯಿ ತೆರೆಯುವ ಮೊದಲೇ
'ಇದೂ ಅದೂ ಒಂದಽ ನಕ್ಷಿ ಐತ್ರಿ' ಎಂದ,
ಒಂದನ್ನು ನನ್ನ ಕಡೆ ಸರಿಸಿದ.

ಧೂಳಿನಲ್ಲಿ ಅದು ಸರಿದ ಗುರುತು.
ಆ ದಿನ ಗಾಜು ಒರೆಸಲಿಲ್ಲ.