ಟೋಕನ್ನಿನ ಮೇಲಿನ ಒಂದು ರೂಪಾಯಿ

ಬೆಳಿಗ್ಗೆ ಹತ್ತೂಕಾಲಕ್ಕೆ, ಭಾಂಡುಪ್ ಪಶ್ಚಿಮದಲ್ಲಿ,
ಇಂದುಮತಿ ಚೆಂದವಣಕರ್ ಮಾರುವವಳು.
ಸೆರಗಿನ ತುದಿಯಿಂದ ಕಿಟಕಿಯ ಸರಳು ಒರೆಸುತ್ತ ಹೇಳುತ್ತಾಳೆ:
"ರೇಟು ಏರಿದೆ. ಎದುರಿನ ಬಿಲ್ಡಿಂಗಿನ ಮೂರನೇ ಮಾಳಿಗೆ
ಹೋದ ದಸರೆಗೆ ಎಷ್ಟಕ್ಕೆ ಹೋಯಿತು, ಗೊತ್ತೇನು?
ಮೆಟ್ರೋ ಬರಲಿ, ಆಮೇಲೆ ನೋಡಿ.
ಈ ದುಡ್ಡಿಗೆ ನಿಮಗೆ ಬಾತ್ರೂಮು ಸಿಗುತ್ತದೆ, ಬರೀ ಬಾತ್ರೂಮು."

ಎದುರಿನದನ್ನು ಮಾರಿಸಿದವಳು ನಾನೇ.
ಹೋದದ್ದು ಅವಳು ಹೇಳಿದ್ದಕ್ಕಿಂತ ಆರು ಲಕ್ಷ ಕಡಿಮೆಗೆ.
ದಲಾಲಿಗೆ ಎರಡು ಕಿವಿ, ಅರ್ಧ ಬಾಯಿ.
ನಾನು ಕಿಟಕಿಯ ಗಾಳಿಯನ್ನು ಹೊಗಳಿದೆ.

ಕೊಳ್ಳಬಂದ ಸೈಮನ್ ಡಾಬ್ರೆ ಟೇಪು ತಂದಿದ್ದ.
ಕಾಗದದ ಪ್ರಕಾರ ಕಾರ್ಪೆಟ್ ಮುನ್ನೂರ ಎಪ್ಪತ್ತೆರಡು ಅಡಿ;
ಟೇಪಿಗೆ ಸಿಕ್ಕಿದ್ದು ಮುನ್ನೂರ ಐವತ್ತೆಂಟು.
ಉಳಿದ ಹದಿನಾಲ್ಕು ಅಡಿಗಾಗಿ
ಅವನ ಹೆಂಡತಿ ಕಪಾಟಿನ ಹಿಂದೆ ಇಣುಕಿದಳು,
ಯಾರೋ ಬಚ್ಚಿಟ್ಟಿದ್ದಾರೆಂಬಂತೆ.
"ಗಿಲಾವು ತಿಂದಿದೆ," ಎಂದಳು ಇಂದುಮತಿ.
"ಮಾರ್ಕೆಟ್ ಮಲಗಿದೆ," ಎಂದ ಸೈಮನ್.
"ಮಲಗಿದ್ದು ನಿಮ್ಮ ಬ್ಯಾಂಕು."
ತೊಂಬತ್ತೆಂಟು. ಎಂಬತ್ತೊಂಬತ್ತು. ಚಹಾ.
ತೊಂಬತ್ತಾರು. ತೊಂಬತ್ತೊಂದು. ಮಾತಿಲ್ಲ, ಮೇಲಿನವರ ಮಿಕ್ಸರ್ ಮಾತ್ರ.
ತೊಂಬತ್ತಮೂರೂವರೆಗೆ ಇಬ್ಬರೂ ಸೋತ ಮುಖ ಮಾಡಿದರು,
ಅಂದರೆ ವ್ಯವಹಾರ ಕುದುರಿತು.

ಟೋಕನ್ ಐವತ್ತೊಂದು ಸಾವಿರದ ಒಂದು.
ಸೈಮನ್ ಫೋನು ಒತ್ತಿದ. ಐವತ್ತೊಂದು ಸಾವಿರ ಟಿಂಗ್ ಎಂದಿತು.
ಇಂದುಮತಿ ಚಾಚಿದ ಕೈ ಹಿಂದಕ್ಕೆ ಎಳೆಯಲಿಲ್ಲ.
"ಮೇಲಿನ ಒಂದು ಫೋನಿನಲ್ಲಿ ಬರಬಾರದು. ಅಂಗೈಗೆ ಬೀಳಬೇಕು."
ಒಂದು ಕೋಟಿಗೆ ಆರೂವರೆ ಲಕ್ಷವಷ್ಟೇ ಕಮ್ಮಿ ಇದ್ದ ಆ ಕೋಣೆಯಲ್ಲಿ
ಯಾರ ಹತ್ತಿರವೂ ಒಂದು ರೂಪಾಯಿ ಇರಲಿಲ್ಲ.
ನನ್ನ ಪರ್ಸಿನ ತಳ ಕೆದಕಿದೆ, ಕೀಲಿಗೊಂಚಲಿನ ಕೆಳಗೆ, ಬಡೆಸೋಪಿನ ಪುಡಿಯಲ್ಲಿ:
ಅಂಚು ನೆಗ್ಗಿದ ಒಂದು ನಾಣ್ಯ.

ಮಧ್ಯಾಹ್ನ, ಠಾಣೆಯಲ್ಲಿ ಗಾಡಿ ಬದಲಿಸಿ,
ಅವಳೂ ನಾನೂ ಟಿಟ್ವಾಲಾಕ್ಕೆ.
ನಾದಿನಿಯರಿಬ್ಬರು, ಮೈದುನ ಒಬ್ಬ, ತಾನು, ನಾಲ್ಕು ಪಾಲು.
ಪಾರ್ಸಿಕ್ ಸುರಂಗದ ಕತ್ತಲಲ್ಲಿ ಅವಳು ಬೆರಳು ಮಡಿಸುವುದು
ನನಗೆ ಕಾಣಲಿಲ್ಲ, ಬಳೆಯ ಸದ್ದಿನಿಂದ ತಿಳಿಯಿತು.
ಬೆಳಕಿಗೆ ಬಂದಾಗ ಕೊಳ್ಳುವವಳಾಗಿದ್ದಳು.

ಕಾಶಿನಾಥ ಭೋಯಿರ್ ಒಂದೇ ಕೋಣೆಯ ಬಾಗಿಲು ತೆರೆದು
"ರೇಟು ಏರಿದೆ," ಎಂದ. "ಹೈವೇ ಬರಲಿ, ಆಮೇಲೆ ನೋಡಿ."
ಇಂದುಮತಿ ಗೆಣ್ಣಿನಿಂದ ಗೋಡೆ ತಟ್ಟಿದಳು, ಹಲಸು ಕೊಳ್ಳುವವರ ಹಾಗೆ.
ನಲ್ಲಿ ತಿರುಗಿಸಿದಳು, ಅದು ಕೆಮ್ಮಿತು.
"ಮಾರ್ಕೆಟ್ ಮಲಗಿದೆ," ಎಂದಳು, ನನ್ನ ಕಡೆ ತಿರುಗಿ, "ಹೌದಲ್ಲ?"
ಬೆಳಗಿನ ಬಾಯಿಯೇ. ತುಟಿಯ ಮೇಲೆ ಸೈಮನ್ನನ ಚಹಾ ಇನ್ನೂ ಆರಿರಲಿಲ್ಲ.
ನಾನು ಕಿಟಕಿಯ ಗಾಳಿಯನ್ನು ಹೊಗಳಿದೆ.

ಇಪ್ಪತ್ತೇಳು ಇಪ್ಪತ್ತಮೂರಕ್ಕೆ ಇಳಿಯಲು ಸಂಜೆಯಾಯಿತು.
ನಾಳೆ ಶಹಾಪುರದಲ್ಲಿ ತಾನೊಂದು ಜಾಗ ನೋಡಬೇಕು, ಅದಕ್ಕೇ ಒಪ್ಪಿದೆ,
ಎಂದ ಭೋಯಿರ್. ಅಲ್ಲಿ ಅವನೂ ಹೇಳುತ್ತಾನೆ, ಮಲಗಿದೆ ಎಂದು.
ಟೋಕನ್ ಹನ್ನೊಂದು ಸಾವಿರದ ಒಂದು.
ಹನ್ನೊಂದು ಸಾವಿರ ಟಿಂಗ್ ಎಂದಿತು.
ಇಂದುಮತಿ ರವಿಕೆಯೊಳಗಿನ ಪುಟ್ಟ ಚೀಲ ಬಿಚ್ಚಿ
ನೆಗ್ಗಿದ ಅಂಚನ್ನು ಹೆಬ್ಬೆರಳಿನಿಂದ ಒಮ್ಮೆ ಮುಟ್ಟಿ
ಅವನ ಅಂಗೈಗೆ ಬೀಳಿಸಿದಳು.

ಕೊಳ್ಳಲೋ ಮಾರಲೋ ಎಂದು ಜನ ನನ್ನನ್ನು ಕೇಳುತ್ತಾರೆ.
ನಾನು, ಗಾಡಿ ಯಾವ ಕಡೆಯದು ಎನ್ನುತ್ತೇನೆ. ತಮಾಷೆ ಅಂದುಕೊಳ್ಳುತ್ತಾರೆ.
ಅಪ್ಪ ಇಂಡಿಯಿಂದ ಬಂದು ಈ ಊರಿನ ಸ್ಲ್ಯಾಬುಗಳಿಗೆ ನೀರುಣಿಸಿದವನು.
ನನ್ನ ಗೊಂಚಲಿನಲ್ಲಿ ಮೂವತ್ತೊಂದು ಕೀಲಿ.
ಅದರಲ್ಲಿ ನನ್ನದು ಹನ್ನೊಂದು ತಿಂಗಳ ಕರಾರಿನದು,
ಮಾರ್ಚಿಗೆ ಮುಗಿಯುತ್ತದೆ.

ರಾತ್ರಿ ಲೆಕ್ಕ ಬರೆದೆ. ಭಾಂಡುಪ್ಪಿನ ದಲಾಲಿ, ಟಿಟ್ವಾಲಾದ ದಲಾಲಿ,
ಎರಡೂ ಬರಬೇಕಾದ ಕಡೆ.
ರಿಕ್ಷಾ ನಲವತ್ತು, ವಡಾಪಾವ್ ಮೂವತ್ತು, ಹೋದ ಕಡೆ.
ಆ ಒಂದು ರೂಪಾಯಿಯನ್ನು ಮಾತ್ರ
ಯಾವ ಕಡೆ ಬರೆಯಲಿ ಎಂದು ಪೆನ್ನು ಹಿಡಿದು ಕೂತಿದ್ದೇನೆ.
ಅದು ನಾಳೆ ಶಹಾಪುರಕ್ಕೆ ಹೋಗುತ್ತಿದೆ.