ಎತ್ತುವ ಮುಂಚೆ

ಬಾ ಕೆಂಪಾಜಿ, ಆ ಹವಾಯಿ ಚಪ್ಪಲಿ ಅಲ್ಲೇ ಬಿಡು.
ಹಲಗೆಯ ಮೇಲೆ ಕಾಫಿಹೊಟ್ಟು ಬಿದ್ದಿದೆ, ಮೊದಲು ಗುಡಿಸು.
ಜಾರುವುದು ಕಾಲು,
ದಂಡ ಕಟ್ಟುವುದು ಸೊಂಟ.

ಕೂಡ್ಲೂರಿನ ಈ ಕ್ಯೂರಿಂಗ್ ವರ್ಕ್ಸಿನಲ್ಲಿ
ಫೆಬ್ರವರಿ ಅಂದರೆ ಲಾರಿ.
ಸಿದ್ದಾಪುರದ್ದು, ಪಾಲಿಬೆಟ್ಟದ್ದು, ಸುಂಟಿಕೊಪ್ಪದ್ದು,
ರೋಬಸ್ಟಾ ಚೆರ್ರಿ, ಚೀಲಕ್ಕೆ ಐವತ್ತು ಕೆಜಿ
ಎಂದು ಕಾಗದ ಹೇಳುತ್ತದೆ.
ರಾತ್ರಿ ಹೊಳೆಯ ಕಡೆಯಿಂದ ಬಂದ ಮಂಜು
ಗೋಣಿಯೊಳಗೆ ಹೊಕ್ಕು ಕೂತಿರುತ್ತದೆ,
ಅದರ ತೂಕ ಯಾರೂ ಬರೆಯುವುದಿಲ್ಲ.
ಪಾದದಲ್ಲಿ ಮೆಲ್ಲಗೆ ತಳ್ಳಿ ನೋಡು.
ಎತ್ತುವ ಮುಂಚೆ ಚೀಲವನ್ನು ಮಾತಾಡಿಸು.

ಗೋಡೆಯ ಚಿತ್ರ ನೋಡಿದೆಯಾ?
ಪ್ಯಾಂಟು ತೊಟ್ಟ, ಮುಖವಿಲ್ಲದ ಮನುಷ್ಯ
ಮೊಣಕಾಲು ಮಡಿಸಿ ಡಬ್ಬಿ ಎತ್ತುತ್ತಿದ್ದಾನೆ.
ಸುಳ್ಳನಲ್ಲ ಅವನು.
ಮೊಣಕಾಲು ಮಡಿಸುವುದು ನಿಜ,
ಹೊರೆಯನ್ನು ಹೊಟ್ಟೆಗೆ ಒತ್ತಿಕೊಳ್ಳುವುದು ನಿಜ,
ತಿರುಗುವಾಗ ಸೊಂಟ ತಿರುಚದೆ
ಪಾದ ತಿರುಗಿಸುವುದು ಎಲ್ಲಕ್ಕಿಂತ ನಿಜ.
ಆದರೆ ಎಂಟು ವರ್ಷದಿಂದ ಅವನು
ಅದೇ ಒಂದು ಡಬ್ಬಿಯನ್ನೇ ಎತ್ತುತ್ತಿದ್ದಾನೆ.
ಚೀಲಕ್ಕಿಷ್ಟು ಎಂದು ಅವನಿಗೆ ಕೂಲಿಯಿಲ್ಲ.
ನಿನ್ನ ತಲೆಯಲ್ಲಿ ಆ ಲೆಕ್ಕ ಆಗಲೇ ಓಡುತ್ತಿದೆ,
ಇಲ್ಲಿಂದಲೇ ಕಾಣುತ್ತದೆ ನನಗೆ.

ನಾನು ಅದ್ರಾಮ. ಈಗ ತೂಕದ ಯಂತ್ರದ ಪಕ್ಕ
ಸ್ಟೂಲಿನ ಮೇಲೆ ಕೂತು ಗೀಟು ಎಳೆಯುವವನು.
ಆಗ ಒಂದೇ ಸಲಕ್ಕೆ ಎರಡು ಚೀಲ.
ಮೇಸ್ತ್ರಿ ಬೆನ್ನು ತಟ್ಟುತ್ತಿದ್ದ, ಡ್ರೈವರುಗಳು ತಟ್ಟುತ್ತಿದ್ದರು,
ಮದುವೆಮನೆಯಲ್ಲಿ ಮಾವ ಕೂಡ.
ತಟ್ಟಿದವರೆಲ್ಲ ಬೆನ್ನು ತಿರುಗಿಸಿಕೊಂಡು ಹೋದರು,
ಬೆನ್ನು ಮಾತ್ರ ನನ್ನ ಹತ್ತಿರ ಉಳಿಯಿತು.

ಅದು ಹೋದ ದಿನ ಹೊತ್ತದ್ದು
ಎರಡು ಚೀಲವಲ್ಲ. ಒಂದೂ ಅಲ್ಲ.
ಖಾಲಿ ಗೋಣಿ.
ನೆಲದಲ್ಲಿ ಬಿದ್ದಿತ್ತು. ಯಾರೊಂದಿಗೋ ಮಾತಾಡುತ್ತ
ಹೀಗೆ ಬಗ್ಗಿ, ಪಕ್ಕಕ್ಕೆ ತಿರುಗಿ, ಎಳೆದೆ.
ಬೆಂಕಿಕಡ್ಡಿ ಮುರಿದಷ್ಟು ಸದ್ದು.
ಹನ್ನೊಂದು ವಾರ ಅಂಗಾತ ಮಲಗಿದ್ದೆ.
ಬೀಪಾತು ನನ್ನ ಕಾಲುಗುರು ಕತ್ತರಿಸುವಾಗ
ನಾನು ಗೋಡೆ ನೋಡುತ್ತಿದ್ದೆ.

'ಎತ್ತು' ಅನ್ನುವುದಕ್ಕೆ ಎರಡರ್ಥ ಅಲ್ಲವಾ?
ನಿಮ್ಮ ಪಿರಿಯಾಪಟ್ಟಣದ ಕಡೆ
ಗಾಡಿಗೆ ಕಟ್ಟುವುದೂ ಎತ್ತೇ.
ಅದಕ್ಕಾದರೂ ಮಧ್ಯಾಹ್ನ ನೊಗ ಇಳಿಸುತ್ತಾರೆ,
ಕುಂಟಿದರೆ ಲಾಳ ತೆಗೆದು ನೋಡುತ್ತಾರೆ.
ಎತ್ತು ಅಂದಾಗ ಎತ್ತು, ಮಗನೇ.
ಎತ್ತಾಗಬೇಡ.

ಮೂರು ವರ್ಷ ಕೇಳಿದೆ ಮ್ಯಾನೇಜರ್ ಬೆಳ್ಯಪ್ಪನವರನ್ನು:
ಚೀಲ ನೆಲದಲ್ಲಿ ಇಳಿಸುವುದು ಬೇಡ,
ಸೊಂಟದೆತ್ತರಕ್ಕೊಂದು ಕಟ್ಟೆ ಕಟ್ಟಿಸಿಕೊಡಿ.
ಬೆಲ್ಟು ತರಿಸಿದರು. ಹನ್ನೆರಡು ಜನಕ್ಕೆ ನಾಲ್ಕು,
ನಾಲ್ಕೂ ಒಂದೇ ಅಳತೆ.
ಅಗೋ, ಮೊಳೆಯಲ್ಲಿ. ಜೇಡ ಕಟ್ಟಿಕೊಂಡಿದೆ.
ಆಮೇಲೆ ಒಂದು ಭಾನುವಾರ ಅವರು
ತಮ್ಮ ಮನೆಯ ಗ್ಯಾಸ್ ಸಿಲಿಂಡರ್ ತಾವೇ ಎತ್ತಿದರು.
ಎರಡು ವಾರದಲ್ಲಿ ಗಾರೆಯವನು ಬಂದ.
ಇನ್ನೊಬ್ಬರ ನೋವಿಗೆ ನಗಬಾರದು.
ಸ್ವಲ್ಪ ನಕ್ಕೆ.

ಈ ಕಟ್ಟೆಯಿಂದ ಎತ್ತಿದರೆ ಚೀಲ
ಭುಜಕ್ಕೆ ತಾನಾಗಿ ಒರಗುತ್ತದೆ, ನಿದ್ದೆ ಬಂದ ಮಗುವಿನಂತೆ.
ಒದ್ದೆ ಚೀಲವಾದರೆ ಬೊಳ್ಳನನ್ನು ಕೂಗು,
ಇಬ್ಬರು ಹಿಡಿದರೆ ಮಾನ ಹೋಗುವುದಿಲ್ಲ.
ಅಟ್ಟಿ ಏಳು ಸಾಲಾದರೆ ನಿಲ್ಲಿಸು,
ಎಂಟನೆಯದು ಯಾರು ಹೇಳಿದರೂ ಬೇಡ.
ನನ್ನ ಹೆಸರು ಹೇಳು.
ಇವತ್ತು ನಲವತ್ತು ಸಾಕು. ನಾಳೆ ಎಂಬುದೊಂದಿದೆ,
ಅದನ್ನೂ ನೀನೇ ಎತ್ತಬೇಕು.

ಲಾರಿ ಕಾಯಲಿ ಬಿಡು. ನೀರು ಕುಡಿದೆಯಾ?
ಆಯಿತು, ಇತ್ತ ಬಾ.
ನೋಡು, ಅಲ್ಲಿ ನೆಲದಲ್ಲಿ
ಒಂದು ಖಾಲಿ ಗೋಣಿ ಬಿದ್ದಿದೆ.
ಅದನ್ನು ಎತ್ತಿ ತೋರಿಸು.