ಹೊಸ್ತಿಲಲ್ಲಿ ನಾಲ್ಕು ಸೆಕೆಂಡು

ಡಂಡೀ ಊರು. ಚಳಿಗಾಲ. ಟೇ ನದಿಯ ಮೇಲೆ ಮಧ್ಯಾಹ್ನ ಮೂರೂವರೆಗೇ ಕತ್ತಲು.
ಹಳೆಯ ಸೆಣಬಿನ ಗಿರಣಿಯ ಮೂರನೆಯ ಮಹಡಿಯಲ್ಲಿ
ಹದಿನೇಳು ಕಂಪ್ಯೂಟರು, ಒಂದು ಕೆಟಲ್ಲು,
ಮತ್ತು ಇಶ್‌ಬೆಲ್ ಲಾಮಂಡ್,
ಆಟದಲ್ಲಿ ತಪ್ಪು ಹುಡುಕುವುದಕ್ಕೆ ಸಂಬಳ ಪಡೆಯುವವಳು.

ಪರದೆಯ ಮೇಲೊಂದು ಪ್ರಾಣಿ. ಮೊಲದ ಕಿವಿ, ಮುದುಕನ ನಡಿಗೆ.
ನಲವತ್ತೊಂದು ಅಂತ ಹೆಸರು; ಹೆಸರಲ್ಲ, ಸಂಖ್ಯೆ.
ಅದಕ್ಕೊಂದು ಗೂಡು, ಗೂಡಿಗೊಂದು ಬಾಗಿಲು,
ಆಚೆ ಹಣ್ಣಿನ ಗಿಡ, ಗಿಡದ ಬುಡದಲ್ಲೇ ಆಳದ ನೀರು.
ಹಸಿವೆಂದರೆ ಒಂದು ಅಂಕಿ. ಹೆದರಿಕೆ ಇನ್ನೊಂದು.
ಯಾವುದು ದೊಡ್ಡದೋ ಅದರ ಮಾತನ್ನು ಕಾಲು ಕೇಳುತ್ತದೆ.
ಇಷ್ಟೇ, ಎನ್ನುತ್ತಾನೆ ಫಾರ್ಕರ್.
ಹಣೆಬರಹ ಬರೆದವನು, ಪಕ್ಕದ ಕುರ್ಚಿಯಲ್ಲೇ ಕೂತು
ಚಹಾದಲ್ಲಿ ಬಿಸ್ಕತ್ತು ಅದ್ದುತ್ತಿದ್ದಾನೆ.

ಆದರೆ ನಲವತ್ತೊಂದು ಬಾಗಿಲಿಗೆ ಬಂದು ನಿಲ್ಲುತ್ತದೆ.
ಒಂದು ಕಾಲು ಒಳಗೆ, ಒಂದು ಹೊರಗೆ.
ಒಂದು, ಎರಡು, ಮೂರು, ನಾಲ್ಕು.
ಕತ್ತು ತಿರುಗಿಸಿ, ಒಳಗೆ ಮಲಗಿದ ಇನ್ನೊಂದರ ಕಡೆ ನೋಡಿ,
ಆಮೇಲೆ ಹೊರಡುತ್ತದೆ.
ಮೀನ ಮೇಷ ಎಣಿಸುವುದನ್ನು ಇದಕ್ಕೆ ಕಲಿಸಿದವರಾರು?

ಅವಳು ಬರೆದುಕೊಂಡಳು: ದೋಷ ಇನ್ನೂರ ಹನ್ನೆರಡು. ಬಾಗಿಲಲ್ಲಿ ತಡ.

ಅದೇ ಬೀಜ ಹಾಕಿ ಮತ್ತೆ ಓಡಿಸು, ಅಂದ ಫಾರ್ಕರ್.
ಬೀಜವೆಂದರೆ ಆಟ ಶುರುವಾಗುವ ಅಂಕಿ,
ಅದೊಂದು ಅದೇ ಇದ್ದರೆ ಎಲ್ಲವೂ ಅದೇ.
ಓಡಿಸಿದಳು. ಏಳು ಸಲ.
ಏಳು ಸಲವೂ ಅದೇ ಹೊಸ್ತಿಲು, ಅದೇ ನಾಲ್ಕು, ಅದೇ ಕತ್ತು.
ನೋಡು, ಅಂದ. ಆಯ್ಕೆಯಾಗಿದ್ದರೆ ಒಮ್ಮೆಯಾದರೂ ಬದಲಾಗಬೇಕಿತ್ತಲ್ಲ?
ಏಳು ಸಲ ಕೇಳಿದರೂ ಮಾತು ಬದಲಿಸದವರನ್ನು
ಗಟ್ಟಿ ಮನಸ್ಸಿನವರು ಅನ್ನುತ್ತೇವಲ್ಲ, ಅಂದಳು.
ಅವನು ನಕ್ಕ. ಅರ್ಧ ಬಿಸ್ಕತ್ತು ಮುರಿದು ಚಹಾದೊಳಗೆ ಬಿತ್ತು.
ಅದೂ ಯಾರ ಇಷ್ಟವೂ ಆಗಿರಲಿಲ್ಲ.

ಇದೇ ಕಟ್ಟಡ. ಇದೇ ಗೇಟು.
ಇಶ್‌ಬೆಲ್‌ಳ ತಾಯಿ ಹದಿನಾಲ್ಕರಿಂದ ಇಲ್ಲಿ ನೂಲು ಸುತ್ತಿದವಳು;
ಯಂತ್ರದ ಗದ್ದಲಕ್ಕೆ ಕಿವಿ ಹೋಗಿ
ಮನೆಯಲ್ಲೂ ಬೆರಳಲ್ಲೇ ಬೈಯುತ್ತಿದ್ದವಳು.
ಒಂದು ಮಂಗಳವಾರ ಶಿಳ್ಳೆ ಊದಿದ ಮೇಲೆ
ಎಲ್ಲರೂ ಒಳಗೆ ಹೋದರು, ಅವಳು ಗೇಟಿನಲ್ಲಿ ನಿಂತಳು.
ಹೆಚ್ಚು ಹೊತ್ತೇನಲ್ಲ, ಅನ್ನುತ್ತಾರೆ ನೋಡಿದವರು.
ಆಮೇಲೆ ತಿರುಗಿ ಮನೆಗೆ ಬಂದಳು, ಪಾತ್ರೆ ತೊಳೆದಳು,
ಮತ್ತೆಂದೂ ಗಿರಣಿಯ ಕಡೆ ತಲೆ ಹಾಕಲಿಲ್ಲ.
ಯಾಕೆ ಅಂತ ಸಾಯುವತನಕ ಕೇಳಿದರು.
ಬೆರಳು ಆಡಿಸಿ ಏನೋ ಹೇಳುತ್ತಿದ್ದಳು, ಯಾರಿಗೂ ತಿಳಿಯಲಿಲ್ಲ.
ಅವಳಿಗಾದರೂ ತಿಳಿದಿತ್ತೋ ಇಲ್ಲವೋ.

ಗುರುವಾರ ಫಾರ್ಕರ್ ಕಾರಣ ಹಿಡಿದ.
ಹಸಿವು ಅರವತ್ತೆರಡು. ಹೆದರಿಕೆ ಅರವತ್ತೆರಡು.
ಎತ್ತು ಏರಿಗೆ, ಕೋಣ ನೀರಿಗೆ; ನಡುವೆ ಪ್ರಾಣಿ ನಿಂತಿರುತ್ತದೆ
ಹಸಿವು ಒಂದಂಕಿ ಏರುವವರೆಗೆ.
ಹಿಂದೆ ತಿರುಗಿ ನೋಡಿದ್ದೋ? ಸುಮ್ಮನೆ ನಿಂತಾಗ ಕತ್ತು ಹೊರಳಲಿ ಅಂತ
ಚಿತ್ರ ಬಿಡಿಸುವ ಹುಡುಗಿ ಇಟ್ಟಿದ್ದಳು, ಚೆಂದಕ್ಕೆ.
ಸರಿಪಡಿಸಿದ. ಒಂದೇ ಸಾಲು.
ಈಗ ನಲವತ್ತೊಂದು ಬಿಟ್ಟ ಬಾಣದ ಹಾಗೆ ಹೊರಗೆ ಹೋಗುತ್ತದೆ,
ತಿನ್ನುತ್ತದೆ, ದಪ್ಪಗಾಗುತ್ತದೆ. ಮಾರಾಟಕ್ಕೆ ಸಿದ್ಧ.

ಇಶ್‌ಬೆಲ್ ಹಳೆಯದನ್ನು ಒಂದು ಫ್ಲಾಪಿಗೆ ತುಂಬಿಕೊಂಡಳು.
ಕದ್ದಳು ಅನ್ನಿ.
ಕೋಟಿನ ಜೇಬಿನ ಹತ್ತಿರ ಕೈ ಒಂದು ಗಳಿಗೆ ನಿಂತಿತ್ತು,
ಅಷ್ಟು ನೆನಪಿದೆ. ಕಾರಣ ನೆನಪಿಲ್ಲ.

ಆ ಫ್ಲಾಪಿ ಓದುವ ಯಂತ್ರ ಈಗ ಅವಳ ಬೀದಿಯಲ್ಲಿ ಯಾರ ಮನೆಯಲ್ಲೂ ಇಲ್ಲ.
ತಗಡಿನ ಡಬ್ಬಿಯಲ್ಲಿದೆ, ತಾಯಿಯ ನೂಲು ಕತ್ತರಿಯ ಜೊತೆ.
ಮೊಮ್ಮಗ ಲಾಕ್ಲನ್ ಅಲುಗಾಡಿಸಿ ಕೇಳುತ್ತಾನೆ, ಇದರೊಳಗೆ ಏನಿದೆ ಅಜ್ಜಿ?
ಒಬ್ಬರು ಬಾಗಿಲಲ್ಲಿ ನಿಂತಿದ್ದಾರೆ.
ಒಳಗೆ ಬರ್ತಾರಾ, ಹೊರಗೆ ಹೋಗ್ತಾರಾ?
ಉತ್ತರಕ್ಕೆ ಬೆರಳೆತ್ತಿದವಳು
ಕೆಟಲ್ಲು ಶಿಳ್ಳೆ ಹಾಕಿತೆಂದು
ಎದ್ದು ಹೋಗುತ್ತಾಳೆ.